ನೋವು ನಿಂತರೆ ಸಂಧಿವಾತ ಶಮನವಾಯಿತೇ?

ಕೆಂಚನಗುಡ್ಡದ ಸುತ್ತ, ತುಂಗಭದ್ರೆಯ ನೀರುಂಡ ಗದ್ದೆಗಳಲ್ಲಿ ಭತ್ತ ನಾಟಿ ಮಾಡುವ ಹೆಣ್ಣುಮಕ್ಕಳು ಬೆರಳ ಗೆಣ್ಣು ಊದಿದರೆ 'ನೀರಾಗ ನಿಂತು ಥಂಡಿ ಆಗೈತಿ' ಎನ್ನುವುದುಂಟು. ರುಮಟಾಯ್ಡ್ ಸಂಧಿವಾತಕ್ಕೆ ಥಂಡಿ ಕಾರಣವಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಒಳಪೊರೆಯ ಮೇಲೆ ತಿರುಗಿಬೀಳುವ ಕಾಯಿಲೆ ಇದು. ಹೆಂಗಸರಲ್ಲಿ ಹೆಚ್ಚು. ಬೆಳಗ್ಗೆ ಅರ್ಧ ಗಂಟೆ ಮೀರಿ ಬೆರಳುಗಳು ಬಿಗಿದಿದ್ದು, ಎರಡೂ ಕೈಗಳ ಗೆಣ್ಣುಗಳ ಊತ ವಾರಗಟ್ಟಲೆ ಇಳಿಯದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಬೇರುಸಹಿತ ಕಿತ್ತುಹಾಕುವ ಔಷಧ ಇದಕ್ಕಿಲ್ಲ. ಆದರೆ ಶಮನ ಸಾಧ್ಯ. ಹಾಗೆಂದರೇನು? ಅಮೆರಿಕ ಮತ್ತು ಯೂರೋಪಿನ ತಜ್ಞರ ಸಂಘಗಳು 2011ರಲ್ಲಿ ಇದಕ್ಕೊಂದು ಅಳತೆ ಕೊಟ್ಟವು. ಭುಜ, ಮೊಣಕೈ, ಮಣಿಕಟ್ಟು, ಬೆರಳು, ಮೊಣಕಾಲು ಸೇರಿ 28 ಕೀಲುಗಳನ್ನು ಒತ್ತಿ ನೋಡಿದಾಗ ನೋಯುವುದು ಒಂದಕ್ಕಿಂತ ಹೆಚ್ಚಿರಬಾರದು, ಊದಿರುವುದೂ ಒಂದಕ್ಕಿಂತ ಹೆಚ್ಚಿರಬಾರದು. ರಕ್ತದಲ್ಲಿ ಸಿ.ಆರ್.ಪಿ. 100 ಮಿ.ಲೀ.ಗೆ 1 ಮಿ.ಗ್ರಾಂ. ಮೀರಬಾರದು. ರೋಗಿಯೇ ತನ್ನ ಕಾಯಿಲೆಗೆ 0ಯಿಂದ 10ರೊಳಗೆ ಕೊಡುವ ಅಂಕ 1 ದಾಟಬಾರದು. 2022ರಲ್ಲಿ ಇದನ್ನು 2ಕ್ಕೆ ಸಡಿಲಿಸಿದರು. ಪಾದದ ಕೀಲುಗಳು ಈ ಎಣಿಕೆಯಲ್ಲಿ ಇಲ್ಲ. ಬರಿಗಾಲಲ್ಲಿ ದುಡಿಯುವವರ ಮಟ್ಟಿಗೆ ಇದು ಕೊರತೆಯೇ ಸರಿ. ಪಾದ ನೋಯುತ್ತಿದ್ದರೆ ವೈದ್ಯರು ಕೇಳದಿದ್ದರೂ ಹೇಳಿ.

ನೋವಿನ ಮಾತ್ರೆ ನುಂಗಿ ನೋವು ಮರೆತರೆ ಅದು ಶಮನವಲ್ಲ. ಒಳಗೆ ಮೂಳೆ ಸವೆಯುತ್ತಲೇ ಇರುತ್ತದೆ. ಹೆಸರಿಲ್ಲದ ಪುಡಿ ಪೊಟ್ಟಣಗಳಲ್ಲಿ ಸ್ಟೀರಾಯ್ಡ್ ಬೆರೆತಿದ್ದರೆ ಎರಡೇ ದಿನಕ್ಕೆ ಊತ ಇಳಿಯಬಹುದು. ವರ್ಷಗಟ್ಟಲೆ ತಿಂದರೆ ಮೂಳೆ ಟೊಳ್ಳಾಗಿ, ಸಕ್ಕರೆ ಕಾಯಿಲೆಯೂ ಜೊತೆಯಾಗಬಹುದು.

ಸಾಮಾನ್ಯವಾಗಿ ಮೊದಲು ಕೊಡುವ ಔಷಧ ಮೆಥೊಟ್ರೆಕ್ಸೇಟ್. ನೆನಪಿಡಿ, ಇದು ವಾರಕ್ಕೆ ಒಂದೇ ದಿನ. ಸಂತೆಯ ದಿನವೋ ಸೋಮವಾರವೋ, ಒಂದನ್ನು ಗೊತ್ತುಮಾಡಿಕೊಂಡು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ದಿನಾಲೂ ನುಂಗಿದರೆ ರಕ್ತಕಣಗಳು ಕುಸಿದು ಪ್ರಾಣಕ್ಕೇ ಅಪಾಯ. ಜೊತೆಗೆ ಫೋಲಿಕ್ ಆಮ್ಲದ ಮಾತ್ರೆ, ಆಗಾಗ ರಕ್ತ ಮತ್ತು ಯಕೃತ್ತಿನ ಪರೀಕ್ಷೆ ಬೇಕು. ಬಸುರಿಯರು, ಮಗುವಿಗಾಗಿ ಕಾದಿರುವವರು ಇದನ್ನು ತೆಗೆದುಕೊಳ್ಳುವಂತಿಲ್ಲ. ಅವರಿಗೆ ಬೇರೆ ಔಷಧಗಳಿವೆ.

ಗುಣ ಕಾಣಲು ಒಂದೂವರೆ ತಿಂಗಳಿಂದ ಮೂರು ತಿಂಗಳು ಹಿಡಿಯುತ್ತದೆ. ಅಷ್ಟರೊಳಗೆ ಬೇಸತ್ತು ಬಿಡುವವರುಂಟು. ಮೂರು ತಿಂಗಳಿಗೂ ಸುಧಾರಣೆ ಇಲ್ಲದಿದ್ದರೆ, ಆರು ತಿಂಗಳಿಗೂ ಗುರಿ ಮುಟ್ಟದಿದ್ದರೆ ಔಷಧ ಬದಲಿಸಬೇಕು ಇಲ್ಲವೇ ಇನ್ನೊಂದನ್ನು ಸೇರಿಸಬೇಕು.

ಶಮನವಾದ ಮೇಲೆ 'ಇನ್ನೇಕೆ ಮಾತ್ರೆ' ಎಂದು ಒಮ್ಮೆಲೇ ನಿಲ್ಲಿಸಿದ ಅನೇಕರಲ್ಲಿ ಕಾಯಿಲೆ ಮರುಕಳಿಸುತ್ತದೆ. ತಿಂಗಳುಗಟ್ಟಲೆ ಶಮನ ಉಳಿದರೆ ವೈದ್ಯರೇ ಪ್ರಮಾಣವನ್ನು ಹಂತಹಂತವಾಗಿ ಇಳಿಸುತ್ತಾರೆ. ಇಳಿಸುವಾಗ ಯಾವುದಾದರೂ ಗೆಣ್ಣು ಮತ್ತೆ ಊದಿದರೆ ಮುಂದಿನ ಭೇಟಿಯವರೆಗೆ ಕಾಯದೆ ತೋರಿಸಿ.