ಕಾಗವಾಡದ ಪೇಟಿ

ಪಾಶ್ಚಾತ್ಯ ದೇಶಗಳಲ್ಲಿ ಪಿಯಾನೋ ವಾದಕನು ತಾನೊಬ್ಬನೇ ಇಡೀ ಕಚೇರಿಯನ್ನು ನಡೆಸುವನು. ನಮ್ಮಲ್ಲಿ ಪೇಟಿಯವರಿಗೆ ಬಹುಕಾಲ ಗವಾಯಿಗಳ ಬದಿಯ ಜಾಗವೇ ಗತಿಯಾಗಿತ್ತು. ಆ ಪೇಟಿಗೂ ಸ್ವತಂತ್ರ ಬೈಠಕ್ಕಿನ ಮಾನ ತಂದವರಲ್ಲಿ ಪಂಡಿತ ರಾಮಭಾವು ಬಿಜಾಪುರೆಯವರು ಪ್ರಮುಖರು.

ಅವರು 1917ರಲ್ಲಿ ಜನಿಸಿದುದು ಕಾಗವಾಡದಲ್ಲಿ. ವಿಶ್ರಾಮಬಾಗದ ನಮಗೆ ಮಿರಜ ದಾಟಿದರೆ ಸಿಕ್ಕುವ ಊರು. ತುಸು ಹೆಚ್ಚೇ ಅಭಿಮಾನಪಟ್ಟರೆ ವಾಚಕರು ಮನ್ನಿಸಬೇಕು. ಅಣ್ಣಿಗೇರಿ ಮಲ್ಲಯ್ಯನವರಲ್ಲಿ ಪೇಟಿ ಕಲಿತರು. ರಾಮಕೃಷ್ಣಬುವಾ ವಝೆಯವರಲ್ಲಿ ಗಾಯನದ ತಾಲೀಮು ಪಡೆದರು. 1938ರಲ್ಲಿ ಬೆಳಗಾವಿಯಲ್ಲಿ ಶ್ರೀರಾಮ ಸಂಗೀತ ಮಹಾವಿದ್ಯಾಲಯವನ್ನು ತೆರೆದರು.

ಎರಡೇ ವರ್ಷಕ್ಕೆ, 1940ರಲ್ಲಿ, ಆಕಾಶವಾಣಿ ಪೇಟಿಯನ್ನೇ ಬಹಿಷ್ಕರಿಸಿತು. ಅದರ ಸ್ವರಗಳು ಬಿಗಿದಿಟ್ಟಂಥವು, ಮೀಂಡು ಬಾರದು ಎಂಬುದು ಆಕ್ಷೇಪ. ಅದು ಸುಳ್ಳೆಂದು ನಾವು ಹೇಳಲಾರೆವು. ಆದರೆ ಹಾಡಲು ಕಲಿತವರ ಬೆರಳು ಬೇರೆ. ಪೇಟಿಯೊಳಗಿಂದಲೂ ಗಾಯಕಿಯನ್ನು ಹೊರಡಿಸುವುದು. ನಿರ್ಬಂಧ ಸಡಿಲಿದುದು 1971ರಲ್ಲಿ. ಆ ಮೂವತ್ತೊಂದು ವರ್ಷ ರೇಡಿಯೋ ಬಾಗಿಲು ಮುಚ್ಚಿದ್ದರೂ ಅವರು ಪೇಟಿಯನ್ನು ಕೆಳಗಿಡಲಿಲ್ಲ. ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನಸೂರರಂಥವರಿಗೆ ಸಾಥಿ ನೀಡಿದರು, ಮಕ್ಕಳಿಗೆ ಕಲಿಸಿದರು.

2010ರ ನವೆಂಬರಿನಲ್ಲಿ, ತಮ್ಮ 93ನೆಯ ವಯಸ್ಸಿನಲ್ಲಿ, ಬೆಳಗಾವಿಯಲ್ಲಿ ನಿಧನರಾದರು. ಶಿಷ್ಯರಾದ ರವೀಂದ್ರ ಕಾಟೋಟಿಯವರು ಇಂದು ಪೇಟಿಯೊಂದನ್ನೇ ಮುಂದಿಟ್ಟುಕೊಂಡು ಕಚೇರಿ ನಡೆಸುತ್ತಿರುವರು.