ಆಕಾಶದ ಹೊಸ್ತಿಲಲ್ಲಿ

ವಿಮಾನದ ಸದ್ದು ಕೇಳಿದೊಡನೆ ತರಗತಿಯ ಕತ್ತುಗಳೆಲ್ಲ ಕಿಟಕಿಯ ಕಡೆಗೆ ಹೊರಳುವುದನ್ನು ನಾನು ಅಧ್ಯಾಪಕನಾದಂದಿನಿಂದ ನೋಡುತ್ತ ಬಂದಿದ್ದೇನೆ. ಪಾಠ ಪಂಪನದಿರಲಿ, ರನ್ನನದಿರಲಿ, ಆ ಅರೆನಿಮಿಷ ಕೇಳುವವರಿಲ್ಲ. ಸದ್ದು ಅಡಗಿದ ಮೇಲೆ ಕಣ್ಣುಗಳು ಪುಸ್ತಕಕ್ಕೆ ಮರಳುತ್ತವೆ. ಎಲ್ಲೋ ಒಬ್ಬನ ಕಣ್ಣು ಮಾತ್ರ ಮರಳುವುದಿಲ್ಲ. ಅಂಥ ಒಬ್ಬ ತರುಣ ಮೂರು ವರ್ಷಗಳ ಹಿಂದೆ ನನ್ನಲ್ಲಿಗೆ ಬಂದು, "ಸರ್, ನಾ ವಾಯುಪಡೆಯೊಳಗ ಪೈಲಟ್ ಆಗಬೇಕಂತೀನ್ರಿ" ಎಂದ. ಹಾವೇರಿ ಸೀಮೆಯಲ್ಲಿ ಮೆಣಸಿನಕಾಯಿ ಬೆಳೆಯುವ ಮನೆಯವನು, ಬಿ.ಎಸ್‌ಸಿ. ಕೊನೆಯ ವರ್ಷದಲ್ಲಿದ್ದ. ಕನ್ನಡ ಅಧ್ಯಾಪಕನಿಂದ ಅವನು ಬಯಸಿದ್ದು ಇಷ್ಟೆ: ನಾಲ್ಕು ಜನರೆದುರು ಅಂಜದೆ ಮಾತನಾಡುವುದನ್ನು ಕಲಿಸಬೇಕು.

ಅವನ ನೆಪದಿಂದ ನಾನೂ ಆ ಲೋಕವನ್ನು ಅಷ್ಟಿಷ್ಟು ತಿಳಿದೆ. ವಾಯುಪಡೆಯ ವಿಮಾನಚಾಲಕರಾಗಲು ಇರುವ ದಾರಿಗಳಲ್ಲಿ ಎರಡು ಹೆಚ್ಚು ಪರಿಚಿತ. ಭೌತಶಾಸ್ತ್ರ, ಗಣಿತಗಳೊಡನೆ ಪಿ.ಯು.ಸಿ. ಓದಿದವರಿಗೆ ಕೇಂದ್ರ ಲೋಕಸೇವಾ ಆಯೋಗ ವರ್ಷಕ್ಕೆರಡು ಬಾರಿ ನಡೆಸುವ ಎನ್‌.ಡಿ.ಎ. ಪರೀಕ್ಷೆಯುಂಟು, ಗಣಿತಕ್ಕೆ 300, ಸಾಮಾನ್ಯ ಸಾಮರ್ಥ್ಯಕ್ಕೆ 600 ಅಂಕ. ಪದವೀಧರರಿಗೆ ವಾಯುಪಡೆಯೇ ನಡೆಸುವ ಆಫ್‌ಕ್ಯಾಟ್ ಉಂಟು. 100 ಪ್ರಶ್ನೆ, 300 ಅಂಕ. ಉತ್ತರ ಸರಿಯಾದರೆ ಮೂರು ಅಂಕ ಬರುತ್ತದೆ, ತಪ್ಪಾದರೆ ಒಂದು ಹೋಗುತ್ತದೆ. ತಿಳಿಯದುದನ್ನು ತಿಳಿಯದೆಂದು ಬಿಟ್ಟುಬಿಡುವ ವಿವೇಕಕ್ಕೂ ಅಲ್ಲಿ ಬೆಲೆಯಿದೆ. ಈ ಬಾಗಿಲು ಗಂಡುಮಕ್ಕಳಿಗೆ ಮಾತ್ರವಲ್ಲ. 2016ರ ಜೂನ್‌ನಲ್ಲಿ ಅವನಿ ಚತುರ್ವೇದಿ, ಭಾವನಾ ಕಂಠ್, ಮೋಹನಾ ಸಿಂಗ್ ಎಂಬ ಮೂವರು ತರುಣಿಯರು ಯುದ್ಧವಿಮಾನ ಶಾಖೆಗೆ ಸೇರಿ, ಮುಂದಿನ ತರಬೇತಿಗೆ ನಮ್ಮ ಬೀದರಿಗೆ ಬಂದರು. 2022ರಿಂದ ಎನ್‌.ಡಿ.ಎ.ಯಲ್ಲಿಯೂ ಹೆಣ್ಣುಮಕ್ಕಳಿದ್ದಾರೆ.

ಬರವಣಿಗೆಯ ಪರೀಕ್ಷೆ ಗೆದ್ದವರನ್ನು ಮೈಸೂರಿನಂಥ ಕೇಂದ್ರಗಳ ಆಯ್ಕೆ ಮಂಡಲಿ ಕೆಲವು ದಿನ ಇರಿಸಿಕೊಂಡು ನೋಡುತ್ತದೆ. ಮೊದಲ ದಿನವೇ ಮಸುಕಾದ ಚಿತ್ರವೊಂದನ್ನು ಅರೆನಿಮಿಷ ತೋರಿಸಿ, ನಾಲ್ಕು ನಿಮಿಷದೊಳಗೆ ಕಥೆ ಬರೆಯಹೇಳುತ್ತಾರೆ. ಇದು ನನ್ನ ಹೊಲ! ನನ್ನ ಶಿಷ್ಯನ ಕಥೆಗಳಲ್ಲಿ ಮಾತ್ರ ಮೊದಮೊದಲು ಬರಿಯ ಬಾಂಬು, ಗಡಿ, ಬಲಿದಾನ. "ನಿಮ್ಮ ಹೊಲದ ಪಂಪು ಕೆಟ್ಟಾಗ ನಿಮ್ಮಪ್ಪ ಏನು ಮಾಡಿದರೋ ಅದನ್ನು ಬರಿಯಪ್ಪಾ" ಎಂದೆ. ಅಂದಿನಿಂದ ಅವನ ಕಥೆಗಳಿಗೆ ಜೀವ ಬಂತು. ಇಂಗ್ಲಿಷಿನ ಅಂಜಿಕೆ ಬಹಳವಿತ್ತು. ಮೊದಲು ಕನ್ನಡದಲ್ಲಿ ಸ್ಪಷ್ಟವಾಗಿ ಯೋಚಿಸು, ಮಾತು ಹಿಂದಿನಿಂದ ಬರುತ್ತದೆ ಎಂದು ಹೇಳಿದೆ. ಹೇಳಿದ್ದು ಸುಳ್ಳಾಗಲಿಲ್ಲ.

ಮಂಡಲಿಯ ಪರೀಕ್ಷೆಗಳಾದ ಮೇಲೆ ಚಾಲಕರಾಗಬಯಸುವವರಿಗೆ ಯಂತ್ರದ ಪರೀಕ್ಷೆಯೊಂದಿದೆ. ಕಣ್ಣು, ಕೈ, ಕಾಲು ಮೂರೂ ಒಂದೇ ವೇಳೆಗೆ ಒಂದೇ ಮನಸ್ಸಿನ ಮಾತು ಕೇಳಬೇಕು. ಇದಕ್ಕೆ ಕುಳಿತುಕೊಳ್ಳುವ ಅವಕಾಶ ಜೀವಮಾನದಲ್ಲಿ ಒಂದೇ ಸಲ. ನನ್ನ ಶಿಷ್ಯ ಅದನ್ನೂ ಗೆದ್ದ. ಮೈಸೂರಿನಿಂದ ಫೋನು ಮಾಡಿದಾಗ ಅವನ ದನಿಗೆ ರೆಕ್ಕೆ ಬಂದಂತಿತ್ತು.

ಉಳಿದದ್ದು ವೈದ್ಯರ ಪರೀಕ್ಷೆ. ಅಲ್ಲಿ ಮನುಷ್ಯನನ್ನು ಸೆಂಟಿಮೀಟರುಗಳಲ್ಲಿ ಓದುತ್ತಾರೆ. ಎತ್ತರ 162.5ಕ್ಕೆ ಕಡಿಮೆಯಿರಬಾರದು, ಕುಳಿತಾಗಿನ ಎತ್ತರ 81.5ರಿಂದ 96ರೊಳಗಿರಬೇಕು, ತೊಡೆಯ ಉದ್ದ 64ನ್ನು ಮೀರಬಾರದು. ಕೇಳುವವರಿಗೆ ಇದು ಹುಚ್ಚಾಟವೆನಿಸೀತು. ಆದರೆ ಚಾಲಕನ ಗೂಡು ಇಕ್ಕಟ್ಟಿನದು. ಅಪಾಯದ ಗಳಿಗೆಯಲ್ಲಿ ಆಸನವೇ ಅವನನ್ನು ಹೊತ್ತು ಹೊರಕ್ಕೆ ಚಿಮ್ಮುವಾಗ, ತೊಡೆ ಉದ್ದವಾಗಿದ್ದರೆ ಮೊಣಕಾಲು ಎದುರಿನ ಫಲಕಕ್ಕೆ ಬಡಿದೀತು. ಪ್ರತಿ ಅಂಕೆಯ ಹಿಂದೆಯೂ ಒಂದು ಜೀವದ ಲೆಕ್ಕಾಚಾರವಿದೆ.

ಅಳತೆಗಳಲ್ಲೆಲ್ಲ ಅವನು ಸರಿಹೊಂದಿದ. ಕೊನೆಗೆ ಒಂದು ಪುಸ್ತಕವನ್ನು ಮುಂದಿಟ್ಟರಂತೆ. ಜಪಾನಿನ ನೇತ್ರತಜ್ಞ ಇಶಿಹಾರ 1917ರಲ್ಲಿ ಪ್ರಕಟಿಸಿದ ಪರೀಕ್ಷೆ ಅದು: ಬಣ್ಣದ ಚುಕ್ಕೆಗಳ ನಡುವೆ ಹುದುಗಿದ ಅಂಕೆಯನ್ನು ಓದಬೇಕು. ನನ್ನ ಶಿಷ್ಯನಿಗೆ ಹಲವು ಪುಟಗಳಲ್ಲಿ ಚುಕ್ಕೆಗಳಷ್ಟೆ ಕಂಡವು.

ಊರಿಗೆ ಮರಳಿದವನು ಮನೆಗೆ ಬಂದು ಕುಳಿತ. "ಎಲ್ಲಾ ಪಾಸಾತ್ರೀ ಸರ್. ಬಣ್ಣದಾಗ ಹೋತು" ಎಂದ. ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ಮುಂದುವರಿಸಿದ: ಚಿಕ್ಕಂದಿನಲ್ಲಿ ಕೆಂಪು ಮೆಣಸಿನಕಾಯಿ ಬಿಡಿಸಲು ಕಳಿಸಿದರೆ ಹಸಿರನ್ನೂ ಸೇರಿಸಿ ತರುತ್ತಿದ್ದನಂತೆ, ಅವ್ವ ಅದನ್ನು ಮೈಗಳ್ಳತನವೆಂದು ಬೈಯುತ್ತಿದ್ದರಂತೆ. ಇಷ್ಟು ವರ್ಷಗಳ ಬೈಗುಳಕ್ಕೆ ಅಂದು ಅರ್ಥ ದೊರೆತಿತ್ತು.

ಸಮಾಧಾನಕ್ಕೆಂದು ನಾನು ಅಬ್ದುಲ್ ಕಲಾಂ ಅವರ ಕಥೆ ತೆಗೆದೆ. 1958ರಲ್ಲಿ ಡೆಹರಾಡೂನಿನ ಆಯ್ಕೆ ಮಂಡಲಿಯೆದುರು ಇಪ್ಪತ್ತೈದು ಜನರಲ್ಲಿ ಅವರು ಒಂಬತ್ತನೆಯವರಾದರು. ತೆಗೆದುಕೊಂಡದ್ದು ಎಂಟು ಜನರನ್ನು. ಅದೇ ಕಲಾಂ 2006ರಲ್ಲಿ, ಎಪ್ಪತ್ತನಾಲ್ಕರ ವಯಸ್ಸಿನಲ್ಲಿ, ರಾಷ್ಟ್ರಪತಿಯಾಗಿ ಪುಣೆಯಿಂದ ಸುಖೋಯ್ ಯುದ್ಧವಿಮಾನವೇರಿದರು. ಹುಡುಗ ಮರ್ಯಾದೆಯಿಂದಲೇ ಕೇಳಿದ. ಆಮೇಲೆ, "ಅದು ಗೊತ್ತೈತ್ರಿ ಸರ್. ಆದರ ಕಣ್ಣು ಮೊದಲ ತೋರ್ಸು ಅಂತ ಯಾರರ ಹೇಳಿದ್ರ ಎರಡು ವರ್ಷ ಉಳೀತಿದ್ವಲ್ರಿ" ಎಂದ.

ನನ್ನಲ್ಲಿ ಉತ್ತರವಿರಲಿಲ್ಲ. ಶುಲ್ಕ ಪಡೆದ ತರಬೇತಿಯವರು ಕೇಳಲಿಲ್ಲ. ಕಥೆ ತಿದ್ದಿದ ನಾನೂ ಕೇಳಲಿಲ್ಲ. ಹಟದಿಂದ ಗಣಿತ ಕೂಡಿಬಂದೀತು, ಅಭ್ಯಾಸದಿಂದ ಮಾತು ಬಂದೀತು. ಹುಟ್ಟಿನಿಂದ ಬಂದ ಬಣ್ಣದ ಕುರುಡನ್ನು ಯಾವ ಶ್ರಮವೂ ತಿದ್ದಲಾರದು. ಅದು ಯಾರ ತಪ್ಪೂ ಅಲ್ಲ, ಯೋಗ್ಯತೆಯ ಮೇಲಿನ ತೀರ್ಪೂ ಅಲ್ಲ. ಆದರೆ ಕೆಲವೇ ನಿಮಿಷಗಳಲ್ಲಿ ನೇತ್ರವೈದ್ಯರು ಹೇಳಬಹುದಾದುದನ್ನು ಎರಡು ವರ್ಷಗಳ ಆಸೆಯ ಕೊನೆಯಲ್ಲಿ ಕೇಳುವಂತೆ ಮಾಡಿದ್ದು ಮಾತ್ರ ಹಿರಿಯರಾದ ನಮ್ಮ ತಪ್ಪು. ಕನಸಿಗೆ ನೀರೆರೆಯುವ ಮೊದಲು ನೆಲವನ್ನು ನೋಡಿಕೊಳ್ಳುವುದು ಕನಸಿಗೆ ಬಗೆಯುವ ದ್ರೋಹವಲ್ಲ.

ವಾಯುಪಡೆಯಲ್ಲಿ ನೆಲದ ಮೇಲಿನ ಕೆಲವು ಶಾಖೆಗಳಿಗೆ ಬಣ್ಣದ ನಿಯಮ ಅಷ್ಟು ಕಠಿಣವಲ್ಲ. ನನ್ನ ಶಿಷ್ಯ ಈಗ ಅದಕ್ಕಾಗಿ ಓದುತ್ತಿದ್ದಾನೆ. ನಾನು ವರ್ಷದ ಮೊದಲ ತರಗತಿಯಲ್ಲಿ, ಸೈನ್ಯಕ್ಕೆ ಸೇರುವ ಮನಸ್ಸುಳ್ಳವರು ಯಾರೆಂದು ಕೇಳುತ್ತೇನೆ. ಎದ್ದ ಕೈಗಳಿಗೆ ಹೇಳುವ ಮಾತು ಒಂದೇ: "ಪುಸ್ತಕ ಆಮೇಲೆ ಕೊಳ್ಳಿ, ಮೊದಲು ಕಣ್ಣು ತೋರಿಸಿಕೊಂಡು ಬನ್ನಿ." ಮಕ್ಕಳು ನಗುತ್ತಾರೆ. ನಗಲಿ, ಹೋಗಿ ತೋರಿಸಿಕೊಂಡು ಬಂದರೆ ಸಾಕು.