ಗೊರಕೆ ನಿಂತರೆ ರೋಗ ನಿಂತಂತೆಯೇ?

ಗೊರಕೆಯೆಂದರೆ ನಮ್ಮಲ್ಲಿ ನಗೆಯ ವಸ್ತು. ಮದುವೆ ಛತ್ರದಲ್ಲಿ ಎಲ್ಲರೂ ಸಾಲಾಗಿ ಮಲಗಿದ ರಾತ್ರಿ ನೆಂಟರೊಬ್ಬರಿಗೆ ಕುಂಭಕರ್ಣನ ಬಿರುದು ಸಿಕ್ಕೇ ತೀರುತ್ತದೆ. ಗೊರಕೆ ಹೊಡೆಯುವವರದು ಸೊಗಸಾದ ನಿದ್ದೆ ಎಂಬ ನಂಬಿಕೆಯೂ ಉಂಟು. ಆದರೆ ಪಕ್ಕದಲ್ಲಿ ಎಚ್ಚರವಾಗಿರುವವರು ಮಾತ್ರ ಗಮನಿಸುವ ಸಂಗತಿಯೊಂದಿದೆ. ಏರುತ್ತ ಹೋದ ಗೊರಕೆ ಒಮ್ಮೆಗೇ ನಿಲ್ಲುತ್ತದೆ. ಕೆಲಕಾಲ ಉಸಿರೇ ಇರುವುದಿಲ್ಲ. ಬಳಿಕ ಮಲಗಿದವರು ಬೆಚ್ಚಿದಂತೆ ಗಾಳಿ ಎಳೆದುಕೊಂಡು ಮಗ್ಗುಲು ಬದಲಿಸುತ್ತಾರೆ.

ಇದು ‘ಅಬ್‌ಸ್ಟ್ರಕ್ಟಿವ್ ಸ್ಲೀಪ್ ಅಪ್ನಿಯಾ’. ನಿದ್ರೆಯಲ್ಲಿ ಸ್ನಾಯುಗಳು ಸಡಿಲಗೊಂಡಾಗ ಮೃದು ಅಂಗುಳು, ನಾಲಿಗೆಯ ಬುಡ ಅಥವಾ ಗಂಟಲಿನ ಪಕ್ಕದ ಗೋಡೆಗಳು ಕುಸಿದು ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ದೇಹವನ್ನು ಎಚ್ಚರಿಸುತ್ತದೆ. ಕನಿಷ್ಠ ಹತ್ತು ಸೆಕೆಂಡುಗಳ ಇಂತಹ ಅಡಚಣೆಗಳು ಗಂಟೆಗೆ ಐದಕ್ಕಿಂತ ಕಡಿಮೆಯಿದ್ದರೆ ಸಹಜ, 30 ಅಥವಾ ಹೆಚ್ಚಾದರೆ ರೋಗ ತೀವ್ರ. ಹಗಲಿನ ತೂಕಡಿಕೆ, ಅಧಿಕ ರಕ್ತದೊತ್ತಡ, ಹೃದಯ ಬಡಿತದ ಏರುಪೇರು ಇದರ ಜತೆಗಾರರು. ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿ 2022ರ ಫೆಬ್ರುವರಿಯಲ್ಲಿ ಮುಂಬೈಯಲ್ಲಿ ನಿಧನರಾದಾಗ ವೈದ್ಯರು ಹೇಳಿದ್ದು ಇದೇ ರೋಗದ ಹೆಸರನ್ನು.

ಚಿಕಿತ್ಸೆಯ ಎರಡು ದಾರಿಗಳು ತೆರೆದುಕೊಂಡದ್ದು ಒಂದೇ ವರ್ಷ, 1981ರಲ್ಲಿ. ಆಸ್ಟ್ರೇಲಿಯಾದ ಕಾಲಿನ್ ಸುಲಿವನ್, ಮೂಗಿನ ಮುಖವಾಡದ ಮೂಲಕ ಗಾಳಿಯ ಒತ್ತಡ ನೀಡಿ ಗಂಟಲನ್ನು ತೆರೆದಿಡುವ ‘ಸಿಪ್ಯಾಪ್’ ವಿಧಾನವನ್ನು ಪ್ರಕಟಿಸಿದರು. ಅಮೆರಿಕದ ಡೆಟ್ರಾಯಿಟ್‌ನಲ್ಲಿ ಶಿರೊ ಫುಜಿಟಾ, ಟಾನ್ಸಿಲ್, ಕಿರುನಾಲಿಗೆ ಹಾಗೂ ಮೃದು ಅಂಗುಳಿನ ಅಂಚನ್ನು ತೆಗೆದು ದಾರಿ ಅಗಲಿಸುವ ‘ಯುಪಿಪಿಪಿ’ ಶಸ್ತ್ರಚಿಕಿತ್ಸೆಯನ್ನು ವಿವರಿಸಿದರು. ಮುಖವಾಡವನ್ನು ರಾತ್ರಿಯೆಲ್ಲ, ವರ್ಷಗಟ್ಟಲೆ ಕಟ್ಟಿಕೊಂಡು ಮಲಗುವುದು ಹಲವರಿಗೆ ಆಗದ ಮಾತು. ಒಮ್ಮೆ ಕೊಯ್ದರೆ ಮುಗಿಯಿತು ಎಂಬ ಭರವಸೆಗೆ ಮನಸ್ಸು ಸುಲಭವಾಗಿ ಸೋಲುತ್ತದೆ.

ಫಲಿತಾಂಶ ಆ ಭರವಸೆಯಷ್ಟು ಸರಳವಾಗಿರಲಿಲ್ಲ. ಅಲ್ಲಿಯವರೆಗಿನ ವರದಿಗಳನ್ನು ಒಟ್ಟುಗೂಡಿಸಿದ 1996ರ ಸಮೀಕ್ಷೆಯೊಂದರ ಪ್ರಕಾರ ಯುಪಿಪಿಪಿ ಯಶಸ್ವಿಯಾದದ್ದು ನೂರರಲ್ಲಿ ಸುಮಾರು 40 ಮಂದಿಗೆ. ‘ಯಶಸ್ಸು’ ಎಂದರೂ ಪೂರ್ಣ ಗುಣವಲ್ಲ. ಅಡಚಣೆಗಳು ಅರ್ಧಕ್ಕಿಳಿದು ಗಂಟೆಗೆ 20ಕ್ಕಿಂತ ಕಡಿಮೆಯಾದರೆ ಸಾಕಿತ್ತು. ಕಾರಣ ಸ್ಪಷ್ಟ. ಗಂಟಲು ಕುಸಿಯುವ ಜಾಗ ಎಲ್ಲರಲ್ಲೂ ಅಂಗುಳೇ ಆಗಿರುವುದಿಲ್ಲ. ಷಿಕಾಗೊದ ಮೈಕೇಲ್ ಫ್ರೀಡ್‌ಮನ್ 2002ರಲ್ಲಿ ಇದನ್ನೇ ಅಂಕಿಗಳಲ್ಲಿ ತೋರಿಸಿದರು. ಟಾನ್ಸಿಲ್ ದೊಡ್ಡದಿದ್ದು ನಾಲಿಗೆ ತಗ್ಗಿನಲ್ಲಿದ್ದವರಲ್ಲಿ ಯಶಸ್ಸು ಶೇಕಡ 80ರಷ್ಟು. ಟಾನ್ಸಿಲ್ ಸಣ್ಣದಿದ್ದು ನಾಲಿಗೆ ಎತ್ತರದಲ್ಲಿದ್ದವರಲ್ಲಿ ಶೇಕಡ 8ರಷ್ಟು ಮಾತ್ರ.

ಇಲ್ಲಿಯೇ ಒಂದು ಮೋಸವೂ ಅಡಗಿದೆ. ಗೊರಕೆಯ ಸದ್ದು ಬಹುಮಟ್ಟಿಗೆ ಅಂಗುಳು ಮತ್ತು ಕಿರುನಾಲಿಗೆಯ ಕಂಪನದಿಂದ ಹುಟ್ಟುತ್ತದೆ. ಅವನ್ನು ಕತ್ತರಿಸಿದರೆ ಸದ್ದು ಅಡಗಬಹುದು, ನಾಲಿಗೆಯ ಬುಡದಲ್ಲಿ ಉಸಿರು ಕಟ್ಟುವುದು ಮುಂದುವರಿಯಬಹುದು. ಮನೆಮಂದಿ ನೆಮ್ಮದಿಯಿಂದ ನಿದ್ರಿಸುತ್ತಾರೆ. ರೋಗದ ಸುಳಿವು ನೀಡುತ್ತಿದ್ದ ಕಾವಲುಗಾರನೇ ಇಲ್ಲವಾಗುತ್ತಾನೆ. ಅಂಗುಳನ್ನು ಅತಿಯಾಗಿ ತೆಗೆದರೆ ನೀರು ಮೂಗಿಗೆ ಹತ್ತುವುದು, ದನಿ ಬದಲಾಗುವುದು, ಗಂಟಲು ಸದಾ ಒಣಗುವುದು ಉಂಟು. ಮುಂದೆ ಸಿಪ್ಯಾಪ್ ಬೇಕಾದಾಗ ಗಾಳಿ ಬಾಯಿಯಿಂದ ಸೋರಿ ಅದರ ಬಳಕೆಯೂ ಕಷ್ಟವಾಗಬಹುದು.

ಹಾಗೆಂದು ಶಸ್ತ್ರಚಿಕಿತ್ಸೆಯನ್ನೇ ತಳ್ಳಿಹಾಕುವುದು ನ್ಯಾಯವಲ್ಲ. ಇಂದಿನ ವಿಧಾನಗಳು ಕತ್ತರಿಸುವುದಕ್ಕಿಂತ ಸ್ನಾಯುಗಳನ್ನು ಸರಿಸಿ ಹೊಲಿಯುವುದಕ್ಕೆ ಒತ್ತು ನೀಡುತ್ತವೆ. ಔಷಧಿಯಿಂದ ನಿದ್ರೆ ತರಿಸಿ, ಎಂಡೊಸ್ಕೋಪಿನಲ್ಲಿ ಗಂಟಲು ಎಲ್ಲಿ ಕುಸಿಯುತ್ತದೆಂದು ನೋಡುವ ಪರೀಕ್ಷೆಯೂ ಇದೆ. ಸಿಪ್ಯಾಪ್ ಒಗ್ಗದ 102 ರೋಗಿಗಳ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಂಗುಳು ಮತ್ತು ನಾಲಿಗೆ ಎರಡಕ್ಕೂ ಚಿಕಿತ್ಸೆ ಪಡೆದವರ ಅಡಚಣೆಗಳು ಆರು ತಿಂಗಳಲ್ಲಿ ಗಂಟೆಗೆ ಸುಮಾರು 48ರಿಂದ 21ಕ್ಕೆ ಇಳಿದವು. ಶಸ್ತ್ರಚಿಕಿತ್ಸೆ ಇಲ್ಲದೆ ಇತರ ಉಪಚಾರ ಪಡೆದವರಲ್ಲಿ ಅದು 45ರಿಂದ 34ರ ಆಸುಪಾಸಿಗೆ ಬಂದಿತ್ತು. ಇದು ಗಣನೀಯ ಲಾಭ. ಆದರೂ 21 ಸಹಜವಲ್ಲ ಎಂಬುದನ್ನು ಮರೆಯುವಂತಿಲ್ಲ.

ಆದ್ದರಿಂದ ಅಂಗುಳಿನ ಶಸ್ತ್ರಚಿಕಿತ್ಸೆಗೆ ಒಪ್ಪುವ ಮುನ್ನ ರೋಗಿ ಕೇಳಲೇಬೇಕಾದ ಪ್ರಶ್ನೆಗಳು ಮೂರು. ರಾತ್ರಿಯ ನಿದ್ರಾ ಪರೀಕ್ಷೆ ನಡೆದಿದೆಯೇ? ನನ್ನ ಗಂಟಲು ಕುಸಿಯುವುದು ಎಲ್ಲಿ? ಗಾಯ ಮಾಗಿದ ಕೆಲವು ತಿಂಗಳ ನಂತರ ಅದೇ ಪರೀಕ್ಷೆಯನ್ನು ಮತ್ತೆ ಮಾಡುವಿರಾ? ಮೂರನೆಯದು ಸಾಮಾನ್ಯವಾಗಿ ಮರೆತೇ ಹೋಗುತ್ತದೆ. ಗೊರಕೆ ನಿಂತ ಮೇಲೆ ಇನ್ನೊಮ್ಮೆ ಖರ್ಚೇಕೆ ಎಂದು ಮನೆಯವರಿಗೆ ಅನಿಸುವುದು ಸಹಜ. ಆದರೆ ರೋಗಿ ಗುಣವಾಗಿದ್ದಾನೆಯೇ ಎಂಬುದನ್ನು ಪಕ್ಕದಲ್ಲಿ ಮಲಗಿದವರ ಕಿವಿ ತೀರ್ಮಾನಿಸಲಾರದು. ಆ ಎರಡನೆಯ ಪರೀಕ್ಷೆಯ ವರದಿ ಮಾತ್ರ ತೀರ್ಮಾನಿಸಬಲ್ಲದು.